ಹಾಜರಿ ಪುಸ್ತಕದ ಒಂದು ಗೆರೆ

ಪರದೇಶದ ಸೌತ್ ಸಿ ಬಡಾವಣೆಯ ಆ ಶಾಲೆಯನ್ನು ಶಾಲೆ ಎನ್ನಲು ಗಂಗಾಧರನಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ. ಒಂದು ಬಾಡಿಗೆ ಮನೆ, ಮೂರು ಕೋಣೆ, ಮೂವತ್ತೆಂಟು ಮಕ್ಕಳು. ಹೆತ್ತವರೇ ಕೂಡಿ ಕಟ್ಟಿದ್ದು, ನಿಯಮ ಬರೆದದ್ದೂ ಅವರೇ. ಆ ನಿಯಮಗಳಲ್ಲೊಂದು, ಅಪ್ಪನೋ ಅಮ್ಮನೋ ಸರದಿಯ ಮೇಲೆ ಬಂದು ಬೆಳಗಿನ ಹಾಜರಿ ಕರೆಯಬೇಕು. ಮೇಷ್ಟ್ರನ್ನು ಇಟ್ಟುಕೊಂಡ ಮೇಲೂ ನಾವೇ ಹೋಗಿ ಹೆಸರು ಕೂಗಬೇಕೆಂದರೆ ಇದೆಂಥ ಶಾಲೆ ಎಂದು ಅವನು ಹೆಂಡತಿ ಚಂಪಾಳ ಹತ್ತಿರ ಗೊಣಗದ ತಿಂಗಳಿಲ್ಲ. ಅವಳು ಕಿವಿಗೆ ಹಾಕಿಕೊಳ್ಳದೆ, ಸರದಿ ಬಂದಾಗ ತಾನೇ ಹೋಗಿಬರುತ್ತಿದ್ದಳು.

ಗಂಗಾಧರ ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್. ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕಬಾರದು. ದಾಖಲೆಯಲ್ಲಿ ತಪ್ಪಿದ್ದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಹದಿನೆಂಟು ವರ್ಷ ಹೀಗೇ ನಡೆದವನು. ಅಪ್ಪನ ಸಹಿ ಬಿತ್ತೆಂದರೆ ಅದು ನಿಜ ಅಂತಲೇ ಲೆಕ್ಕ ಎಂದು ಒಂಬತ್ತು ವರ್ಷದ ಮಗಳು ವಿಭಾಳ ಮುಂದೆ ಜಂಬ ಕೊಚ್ಚಿಕೊಳ್ಳುವುದೂ ಇತ್ತು.

ಎರಡು ಸಾವಿರದ ಎಂಟರ ಜನವರಿಯಲ್ಲಿ ಚುನಾವಣೆಯ ಗಲಭೆಯ ನಡುವೆಯೇ ಶಾಲೆ ತೆರೆಯಿತು. ವಿಭಾಳ ಬೆಂಚಿನ ಗೆಳತಿ ಅಟಿಯೆನೊ ಒಬ್ಬಳು ಬರಲಿಲ್ಲ. ಅವರ ಮನೆಗೆ ಬೆಂಕಿ ಬಿದ್ದಿತ್ತು. ಮನೆಯವರು ಎತ್ತ ಹೋದರೋ ಯಾರಿಗೂ ಗೊತ್ತಿರಲಿಲ್ಲ, ಫೋನೂ ಹತ್ತುತ್ತಿರಲಿಲ್ಲ.

ಫೆಬ್ರವರಿಯ ಸರದಿಯ ದಿನ ಚಂಪಾಳಿಗೆ ಜ್ವರ, ಗಂಗಾಧರನೇ ಹೋಗಬೇಕಾಯಿತು. ಆ ಶಾಲೆಯಲ್ಲಿ ಬಾರದ ಮಗುವಿನ ಹೆಸರು ಕೂಗಿದರೆ ಬೆಂಚಿನ ಜೊತೆಗಾರರು ಎದ್ದು ನಿಂತು ‘ಅಟಕೂಜಾ’, ಅಲ್ಲಿಯ ಸ್ವಾಹಿಲಿಯಲ್ಲಿ ಬರುತ್ತಾಳೆ, ಎನ್ನುವ ರೂಢಿ. ಅಟಿಯೆನೊ ಹೆಸರಿಗೆ ವಿಭಾ ಎದ್ದು ಹಾಗೇ ಅಂದಳು. ಗಂಗಾಧರ ಪುಸ್ತಕ ನೋಡಿದ. ಆ ಹೆಸರಿನ ಮುಂದೆ ಮೂರು ವಾರದಿಂದ ಬರೀ ಖಾಲಿ ಮನೆಗಳು. ದಾಖಲೆ ಹೀಗಿದ್ದರೆ ಅವನ ಕೈ ಸುಮ್ಮನಿರುವುದುಂಟೇ? ಹೆಸರಿನ ಮೇಲೆ ನೀಟಾಗಿ ಗೆರೆ ಎಳೆದ. ಸಹಿ, ತಾರೀಖು. ಮುಂದಿನ ಹೆಸರು ಕೂಗಿದ. ಯಾರೂ ಓಗೊಡಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕಿಟಕಿಯ ಹತ್ತಿರ ನಿಂತಿದ್ದ ಫೆಲಿಕ್ಸ್ ಮೇಷ್ಟ್ರು ತಲೆ ತಗ್ಗಿಸಿದರು.

ಸಂಜೆ ಊಟದ ಮೇಜಿನಲ್ಲಿ ವಿಭಾ ತಟ್ಟೆ ಮುಟ್ಟಲಿಲ್ಲ.

“ಅಪ್ಪ, ಶಿ ಈಸ್ ನಾಟ್ ಡೆಡ್.”

“ನಾನೆಲ್ಲಿ ಹಾಗಂದೆ ಪುಟ್ಟಿ? ಬರದೇ ಇರೋರ ಹೆಸರು ಹೊಡೀತಾರೆ, ಅಷ್ಟೆ.”

“ಯು ಸೈನ್ಡ್ ಇಟ್,” ಎಂದಳು ವಿಭಾ.

ಗಂಗಾಧರನ ಸಹಿಯನ್ನು ಇಷ್ಟು ನಂಬಿದವರು ಕಾರ್ಖಾನೆಯಲ್ಲೂ ಯಾರೂ ಇರಲಿಲ್ಲ. ನಾಚಿಕೆಯಿಂದ ಅವನೂ ತಟ್ಟೆ ಪಕ್ಕಕ್ಕೆ ಸರಿಸಿದ. ಚಂಪಾ ಮಗಳ ತಟ್ಟೆ ಎತ್ತಿಟ್ಟಳು.

ಮರುದಿನ ಸರದಿ ತನ್ನದಲ್ಲದಿದ್ದರೂ ಶಾಲೆಗೆ ಹೋಗಿ, ಹಾಜರಿ ತಾನೇ ಕರೆಯುತ್ತೇನೆಂದು ಫೆಲಿಕ್ಸರನ್ನು ಕೇಳಿಕೊಂಡ. ಅವರು ಪುಸ್ತಕ ಮುಂದೆ ಸರಿಸಿದರು. ಎಳೆದ ಗೆರೆಯನ್ನು ಅಳಿಸುವಂತಿಲ್ಲ, ಅದು ಅವನದೇ ನಿಯಮ. ಗೆರೆಯ ಪಕ್ಕದಲ್ಲಿ ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದ. ಕೊನೆಯ ಸಾಲಿನಲ್ಲಿ ಅಟಿಯೆನೊ ಹೆಸರನ್ನು ಹೊಸದಾಗಿ ಬರೆದ.

ಹೆಸರುಗಳನ್ನು ಕೂಗುತ್ತ ಹೋದ. ಮಕ್ಕಳು ಒಬ್ಬೊಬ್ಬರಾಗಿ ಓಗೊಟ್ಟರು. ಕೊನೆಗೆ ಅಟಿಯೆನೊ ಹೆಸರು ಕೂಗಿದಾಗ ವಿಭಾ ಎದ್ದು ನಿಂತಳು, ಆದರೆ ಬಾಯಿ ತೆರೆಯಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. ಅವಳು ಕಾಯುತ್ತಿರುವುದು ಏನನ್ನೆಂದು ಅವನಿಗೆ ತಿಳಿಯಿತು. ಆ ಮಗು ಎಲ್ಲಿದೆಯೋ, ಇದೆಯೋ ಇಲ್ಲವೋ, ಅವನು ಕಂಡವನಲ್ಲ.

“ಅಟಕೂಜಾ,” ಎಂದ ಗಂಗಾಧರ.

ವಿಭಾ ತನ್ನ ಪಕ್ಕದಲ್ಲಿ ಒಬ್ಬಳಿಗಾಗುವಷ್ಟು ಜಾಗ ಬಿಟ್ಟು ಕುಳಿತಳು.