ಕುಂಟೆಗೆ ಬಳಿದ ಸುಣ್ಣ

ಯುಗಾದಿ ಕಳೆದು ಎಂಟು ದಿನವಾಗಿತ್ತು. ಬೆಳಗಿನ ಆರೂವರೆ, ಬಿಸಿಲು ಇನ್ನೂ ಕಾವೇರಿರಲಿಲ್ಲ. ಶ್ರೀಗಂಧದ ಕಾವಲ್ ಬಡಾವಣೆಯ ಹಿಂಬದಿಯ ಕುಂಟೆಯ ಏರಿಯ ಮೇಲೆ ಅಣ್ಣಮ್ಮ ಹೊನಗೊನ್ನೆ ಸೊಪ್ಪು ಕೀಳುತ್ತಿದ್ದಾಗ ಪರಿಸರ ಸಂಸ್ಥೆಯೊಂದರ ಮಾಲವಿಕಾ ಎಂಬ ಹುಡುಗಿ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಂದಳು. ಎಲ್ಲ ಶುರುವಾದದ್ದು ಅಲ್ಲಿಂದ.

ಆ ಕುಂಟೆ, ಒಂದು ಪುಟ್ಟ ಕೆರೆ, ಪದ್ಮನಾಭ ಎಂಬುವವರ ಸ್ವಂತ ಜಾಗ. ಸುತ್ತ ಮನೆಗಳೆದ್ದು ಎಷ್ಟೋ ವರ್ಷವಾದರೂ ಅದೊಂದು ಉಳಿದುಕೊಂಡಿತ್ತು. ಈಗ ಮಣ್ಣು ತುಂಬಿಸಿ ಗೋಡೌನು ಕಟ್ಟಿಸುವ ಮಾತಾಗಿತ್ತು. ಮದುವೆಯಾಗಿ ಬಂದ ದಿನದಿಂದ ಆ ನೀರು ನೋಡಿಕೊಂಡೇ ಮುದುಕಿಯಾದ ಅಣ್ಣಮ್ಮ ಅದನ್ನು ಕೇಳಿದಾಗಿನಿಂದ ದಿನಾ ಬೆಳಿಗ್ಗೆ ಏರಿಗೆ ಬಂದು ನೋಡಿ ಹೋಗುತ್ತಿದ್ದಳು.

"ಅಜ್ಜಿ, ಇಲ್ಲಿರೋ ಹಕ್ಕಿ, ಕಪ್ಪೆ, ಹುಲ್ಲು ಎಲ್ಲಾ ಎಣಿಸಿ ಒಂದು ಸರ್ಟಿಫಿಕೇಟ್ ಮಾಡ್ತೀವಿ," ಎಂದಳು ಮಾಲವಿಕಾ. "ಬೇರೆ ಕಡೆ ತಾವು ಹಾಳು ಮಾಡಿದ್ದಕ್ಕೆ ಬದಲಾಗಿ ದೊಡ್ಡ ಕಂಪನಿಯವ್ರು ಅದನ್ನ ಕೊಂಡ್ಕೋತಾರೆ. ಆ ದುಡ್ಡಲ್ಲಿ ಕುಂಟೆಗೆ ಬೇಲಿ, ಕಾವಲು. ಪದ್ಮನಾಭ ಸಾರ್‌ಗೆ ಬಾಡಿಗೆ."

"ಕಪ್ಪೆಗೂ ಸರ್ಟಿಫಿಕೇಟಾ! ನಾನು ಎರಡನೇ ಕ್ಲಾಸೂ ದಾಟಲಿಲ್ಲ ಕಣವ್ವ. ಅದೇ ವಾಸಿ ಬಿಡು."

ಪದ್ಮನಾಭ ಕೆಟ್ಟವರಲ್ಲ. "ಮಳೆ ಚೆನ್ನಾಗಿ ಹಿಡಿಯೋವರೆಗೂ ಕಾಯ್ತೀನಿ. ಸರ್ಟಿಫಿಕೇಟ್ ಬಂದ್ರೆ ಕುಂಟೆ, ಇಲ್ದಿದ್ರೆ ಗೋಡೌನು," ಎಂದರು.

ಎರಡು ತಿಂಗಳು ಅಣ್ಣಮ್ಮ ಆ ಹುಡುಗಿಯ ಕೈ ಹಿಡಿದು ಸುತ್ತಿಸಿದಳು. ಹುಂಡುಕೋಳಿ ಕಾವು ಕೂರುವ ಜೊಂಡು ಯಾವುದು, ಗೀಜಗ ಗೂಡು ಹೆಣೆಯುವ ಜಾಲಿ ಯಾವುದು, ಎಲ್ಲ ತೋರಿಸಿದಳು. ಮಾಲವಿಕಾ ಬರೆದುಕೊಂಡಳು.

ಮೃಗಶಿರಾ ಮಳೆ ಒಂದು ಹದ ಬಿದ್ದ ಮೇಲೆ ಅವಳ ಫೋನು ಬಂತು. ಸೋಮವಾರ ಯೋಗಾನಂದ ಎಂಬ ಪರಿಶೀಲಕರು ಎಣಿಕೆಗೆ ಬರುತ್ತಾರೆ, ಅವರು ಒಪ್ಪಿದರೆ ಆಯಿತು.

ಅಣ್ಣಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಸೊಸೆ ಕಲಾಳನ್ನೂ ಬೀದಿಯ ಐದು ಹೆಂಗಸರನ್ನೂ ಕುಡುಗೋಲು ಹಿಡಿಸಿ ಹೊರಡಿಸಿದಳು.

"ಅತ್ತೆ, ಕುಂಟೇನೇನು ಹೆಣ್ಣು ನೋಡೋಕೆ ಬರ್ತಾರಾ?"

"ಹಂಗೇ ಅಂತ ಇಟ್ಕೋ. ನೆಂಟರು ಬರೋವಾಗ ಯಾರಾದ್ರೂ ಮನೆ ಗುಡಿಸ್ದೆ ಬಿಡ್ತಾರೇನೇ?"

ಸಂಜೆಯೊಳಗೆ ಜೊಂಡು ಕೊಯ್ದು, ಪೊದೆ ಸವರಿ, ತರಗು ರಾಶಿ ಹಾಕಿ ಸುಟ್ಟರು. ವಾಸನೆ ಬರಬಾರದೆಂದು ದಡದುದ್ದಕ್ಕೂ ಬ್ಲೀಚಿಂಗ್ ಪೌಡರ್ ಚೆಲ್ಲಿದರು. ಮರಗಳ ಬುಡಕ್ಕೆ ಸುಣ್ಣ, ಅದರ ಮೇಲೊಂದು ಕೆಮ್ಮಣ್ಣಿನ ಪಟ್ಟೆ. ಹುಂಡುಕೋಳಿ ಮೊಟ್ಟೆಯಿಟ್ಟಿದ್ದ ಒಂದು ಹಿಡಿ ಜೊಂಡನ್ನು ಮಾತ್ರ ಅಣ್ಣಮ್ಮ ಯಾರಿಗೂ ಮುಟ್ಟಗೊಡಲಿಲ್ಲ. ಬೆಳಿಗ್ಗೆ ಎದ್ದು ಏರಿಯ ಮೇಲೆ ರಂಗೋಲಿ ಬಿಟ್ಟಳು.

ಮಾಲವಿಕಾ ಸ್ಕೂಟರಿನಿಂದ ಇಳಿದವಳು ಇಳಿದಲ್ಲೇ ನಿಂತಳು.

"ಯಾರು ಕಡಿದದ್ದು?" ಹಿಂದೆಯೇ ಕಾರಿನಿಂದ ಇಳಿದ ಯೋಗಾನಂದರು ಮೆಲ್ಲಗೆ ಕೇಳಿದರು.

"ನಾನೇ ಸಾಮಿ. ಏಳು ಜನ ಸೇರ್ಕೊಂಡು, ಒಂದೇ ದಿನದಲ್ಲಿ," ಅಣ್ಣಮ್ಮನ ಮುಖ ಅರಳಿತ್ತು.

ಅವರು ಕೊಯ್ದ ಜೊಂಡಿನ ಒಂದೊಂದೇ ಕೂಳೆಯ ಫೋಟೊ ಹಿಡಿದರು. ಆಮೇಲೆ ಮಾಲವಿಕಾಳ ಕಡೆ ತಿರುಗಿದರು. "ಎಣಿಕೆಗೆ ಮುಂಚೆ ಕಡಿದು ಕಮ್ಮಿ ತೋರಿಸೋದು, ಆಮೇಲೆ ತಾನಾಗೇ ಚಿಗುರಿದ್ದನ್ನ ನಾವೇ ಬೆಳೆಸಿದ್ವಿ ಅಂತ ಸರ್ಟಿಫಿಕೇಟ್ ಮಾರೋದು. ಈ ಮೋಸ ಬೇಕಾದಷ್ಟು ನೋಡಿದೀನಿ. ಅದಕ್ಕೇ ನಿಯಮ ಮಾಡಿರೋದು. ಕಡಿದ ಜಾಗನ ಹತ್ತು ವರ್ಷ ಈ ಯೋಜನೆಗೆ ತಗೊಳ್ಳೋ ಹಾಗಿಲ್ಲಮ್ಮ."

"ಸಾರ್, ಮೋಸ ಅಲ್ಲ. ನೀವು ಬರ್ತೀರಾ ಅಂತ ಗುಡಿಸಿದಾರೆ ಅಷ್ಟೇ."

"ನನಗೆ ಗೊತ್ತಾಗುತ್ತೆ. ಆದ್ರೆ ಏನಂತ ಬರೀಲಿ?"

"ಜೊಂಡು ಮತ್ತೆ ಬರ್ತದೆ ಸಾಮಿ," ಎಂದಳು ಅಣ್ಣಮ್ಮ. "ಇನ್ನೊಂದು ಮಳೆ ಹುಯ್ದ್ರೆ ಸಾಕು." ಯೋಗಾನಂದರು ಅವಳು ತಂದಿದ್ದ ಕಾಫಿ ಕುಡಿದು, ಕೈ ಮುಗಿದು, ಕಾರು ಹತ್ತಿದರು.

ಹದಿನೈದು ದಿನಕ್ಕೆ ಆಗುವುದಿಲ್ಲವೆಂಬ ಕಾಗದ ಬಂತು. ಪದ್ಮನಾಭ ಮನೆ ಬಾಗಿಲಿಗೇ ಬಂದು, "ಹೇಳಿದಷ್ಟು ದಿನ ಕಾದೆ ಅಣ್ಣಮ್ಮ," ಎಂದು ತಲೆ ತಗ್ಗಿಸಿದರು. ಮಾರನೆಯ ದಿನ ಲಾರಿಗಳು ಬಂದವು. ಉಳಿಸಿದ್ದ ಒಂದು ಹಿಡಿ ಜೊಂಡು ಮೊದಲ ಲೋಡಿಗೇ ಮುಚ್ಚಿಹೋಯಿತು.

ಅರ್ಧ ಕುಂಟೆ ತುಂಬಿದಾಗ ಮಾಲವಿಕಾ ಬಂದಳು. ಅವಳನ್ನು ಕೋಲಾರದ ಕಡೆಯ ಇನ್ನೊಂದು ಕೆರೆಗೆ ಹಾಕಿದ್ದರು.

"ನಾನು ಮೊದಲೇ ಹೇಳ್ಬೇಕಿತ್ತು ಅಜ್ಜಿ."

"ಏನಂತ ಹೇಳ್ತಿದ್ದೆ ಮಗ? ಗುಡಿಸಬೇಡ ಅಂತ ಯಾರಾದ್ರೂ ಹೇಳ್ತಾರಾ?"

ಹುಡುಗಿ ಅತ್ತಳು. ಅಣ್ಣಮ್ಮನಿಗೆ ಅಳುವೂ ಬರಲಿಲ್ಲ. ಜ್ಯೇಷ್ಠದ ಅಮಾವಾಸ್ಯೆ, ಬುಧವಾರ, ಮಾಲವಿಕಾ ಹೊರಟುಹೋದಳು.