ತಲೆಕಟ್ಟಿನ ತುದಿ

ಫೌಜದಾರ ನನ್ನನ್ನು ಹಾನಗಲ್ಲ ಠಾಣೆಗೆ ಕರೆಸಿದ್ದು ನನ್ನ ಬಾಯಿಯ ತಪ್ಪಿನಿಂದಲೇ. ಶಿಗ್ಗಾವಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಈ ಗುತ್ತೆಪ್ಪ ಯಾವ ಕಾಗದ ನೋಡಿದರೂ ಅದು ಎಲ್ಲಿ ಅಚ್ಚಾಯಿತೆಂದು ಹೇಳಬಲ್ಲ ಎಂದು ಮದುವೆಮನೆಗಳಲ್ಲಿ ಜಂಭ ಕೊಚ್ಚಿಕೊಂಡವನು ನಾನೇ. ಹಾನಗಲ್ಲಿನ ಪ್ರೆಸ್ಸಿನ ಮಾಲೀಕ ಪರಮೇಶ್ವರಪ್ಪ ಮಾತ್ರ ಒಮ್ಮೆ ನಾಲ್ಕು ಜನರೆದುರು, "ಮೊಳೆ ಮುಟ್ಟಿದವ್ರಿಗೆಲ್ಲಾ ಇಷ್ಟು ಗೊತ್ತಿರ್ತೈತಿ, ಇದರಾಗೇನು ದೊಡ್ಡಸ್ತನ" ಎಂದು ನಕ್ಕಿದ್ದ. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಅದು ನಲವತ್ತೆರಡರ ಸೆಪ್ಟೆಂಬರ್. ಸರ್ಕಾರದ ವಿರುದ್ಧ ಒಂದು ಕರಪತ್ರ ಊರೂರು ಹರಿದಾಡುತ್ತಿತ್ತು. ಖಾದಿ ತೊಡುತ್ತಾನೆ, ಅಚ್ಚು ಹಾಕಿದವನೂ ಇವನೇ ಇರಬೇಕೆಂದು ಪರಮೇಶ್ವರಪ್ಪನನ್ನು ಹಿಡಿದು ಕೂಡಿಹಾಕಿ ಐದು ದಿನವಾಗಿತ್ತು. ಆದರೆ ಆ ಕರಪತ್ರದ ಮೊಳೆ ಜೋಡಿಸಿದವನು ನಾನು. ಹಾನಗಲ್ಲಿಗೆ ಹೊರಟ ಬಸ್ಸು ಬಂಕಾಪುರ ದಾಟುವಷ್ಟರಲ್ಲಿ ಇಳಿದು ಓಡಿಹೋಗೋಣ ಎಂದು ಎರಡು ಸಲ ಎದ್ದು ಮತ್ತೆ ಕೂತೆ.

ಫೌಜದಾರ ಮೇಜಿನ ಮೇಲೆ ಮೂರು ಕಾಗದ ಹರಡಿದ: ಆ ಕರಪತ್ರ, ನಮ್ಮ ಪ್ರೆಸ್ಸಿನದೊಂದು ಲಗ್ನಪತ್ರಿಕೆ, ಹಾನಗಲ್ಲಿನದೊಂದು.

"ಯಾರದು, ಹೇಳು."

ಎರಡೂ ಪ್ರೆಸ್ಸಿನ ಅಕ್ಷರಗಳು ಅಕ್ಕತಂಗಿಯರಂತೆ. ಹಾನಗಲ್ಲಿನ ತಲೆಕಟ್ಟು ನೆಟ್ಟಗೆ ಮಲಗಿರುತ್ತದೆ. ನಮ್ಮದರ ತುದಿ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಕರಪತ್ರದ ತುಂಬ ಆ ಎದ್ದ ತುದಿಗಳೇ.

ಹಾನಗಲ್ಲಿನದು ಎಂದುಬಿಟ್ಟರೆ ನಾನು ಪಾರು, ಹಳೆಯ ಸಿಟ್ಟೂ ತೀರುತ್ತಿತ್ತು. ಮಾತು ನಾಲಗೆಗೂ ಬಂತು. ಹೇಳಿಕೊಳ್ಳಲು ನಾಚಿಕೆ, ಆದರೂ ಬಂದದ್ದು ನಿಜ. ನಮ್ಮದೆನ್ನುವ ಧೈರ್ಯವೂ ಇರಲಿಲ್ಲ.

"ಗುರ್ತ ಹತ್ತವಲ್ದರಿ ಸಾಹೇಬ್ರ. ಎರಡೂ ಒಂದ ನಮೂನಿ ಅದಾವ."

"ಮತ್ತ ಊರತುಂಬ ಹೇಳ್ಕೋತ ಅಡ್ಡ್ಯಾಡತಿದ್ದೆಲ್ಲ?"

"ಸುಮ್ನ ಜಂಭ ಕೊಚ್ಚತಿದ್ದೆರಿ. ನನಗೇನೂ ಬರಂಗಿಲ್ಲ."

ಪೊಲೀಸರೆಲ್ಲ ನಕ್ಕರು. ನನ್ನದೆಂದು ಇದ್ದ ಒಂದೇ ಹೆಮ್ಮೆಯನ್ನು ನಾನೇ ತುಳಿದು ಬಂದೆ. ಸಂಜೆಯೊಳಗೆ ಸುದ್ದಿ ಶಿಗ್ಗಾವಿ ಮುಟ್ಟಿತು.

ಬೇರೆ ಸಾಕ್ಷಿ ಸಿಗದೆ ಮರುವಾರ ಪರಮೇಶ್ವರಪ್ಪನನ್ನು ಬಿಟ್ಟರು. ಮಾರನೆಯ ದಿನವೇ ಅವನು ನಮ್ಮ ಪ್ರೆಸ್ಸಿಗೆ ಬಂದ. ನಗಲು ಬಂದಿದ್ದಾನೆಂದು ಮೈ ಉರಿಯಿತು. ಅವನು ನನ್ನ ಮುಂದಿನ ಪೆಟ್ಟಿಗೆಯಿಂದ ಒಂದು ಮೊಳೆ ಎತ್ತಿ, ಬೆಳಕಿಗೆ ಹಿಡಿದು, ತಲೆಕಟ್ಟಿನ ತುದಿಯನ್ನು ಉಗುರಿನಿಂದ ಸವರಿದ.

"ಫೌಜದಾರ ಆ ಕಾಗದ ಮೊದಲ ನನಗ ತೋರಿಸಿದ್ದ, ಗುತ್ತೆಪ್ಪ. ಯಾರದು ಅಂತ ಹೇಳಿದ್ರ ಈಗಿಂದೀಗ ಮನೀಗೆ ಕಳಿಸ್ತೇನಿ ಅಂದ."

ಕೆಲಸ ನಿಲ್ಲಿಸಿ ಕೇಳಿದೆ: "ನಿಮಗ ಗುರ್ತ ಹತ್ತಲಿಲ್ಲೇನ್ರಿ?"

"ಮೊಳೆ ಮುಟ್ಟಿದವಂಗ ಗೊತ್ತಾಗದ ಇರ್ತೈತೇನೋ?" ಎಂದು ಪರಮೇಶ್ವರಪ್ಪನವರು ಮೊಳೆಯನ್ನು ಪೆಟ್ಟಿಗೆಯೊಳಗೆ ಅದರ ಮನೆಯಲ್ಲೇ ಇಟ್ಟರು.

ನಾನು ಎದ್ದು ನನ್ನ ಸ್ಟೂಲನ್ನು ಅವರತ್ತ ಸರಿಸಿದೆ.