ಇಲ್ಲ ಎನ್ನಲಾಗದ ಬೇಡಿಕೆ

ಆ ಚಿತ್ರವನ್ನು ನೋಡಿ, ಮೆಚ್ಚಿ, ಪುಟ ತಿರುಗಿಸಿದವರಲ್ಲಿ ನೀವೂ ಒಬ್ಬರಲ್ಲವೇ? ನೀಲಿ ಸೌರಫಲಕಗಳ ಮುಂದೆ ಹೂವಿನ ಕಿರೀಟ ತೊಟ್ಟ ಹೆಂಗಸೊಬ್ಬಳು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಗುತ್ತಿದ್ದಾಳೆ. ಅವಳ ಪಕ್ಕದಲ್ಲಿ ಹಲ್ಲಿಲ್ಲದ ಮುದುಕನೊಬ್ಬ ಕೈ ಮೇಲೆತ್ತಿ ನಿಂತಿದ್ದಾನೆ. ಕೆಳಗೆ, ಕಡಲ ನಡುವಿನ ಪುಟ್ಟ ದ್ವೀಪವೊಂದು ಬಿಸಿಲಿನಿಂದಲೇ ಬೆಳಕು ಪಡೆಯಿತು ಎಂಬ ಅರ್ಥದ ಸಾಲು. ಆ ಬೆಳಕು ಮರುವರ್ಷವೂ ಉರಿಯುತ್ತಿತ್ತೇ ಎಂದು ನೀವೇಕೆ ಕೇಳಲಿಲ್ಲ? ಕೇಳುವುದು ನಿಮ್ಮ ಕೆಲಸವಲ್ಲವೆಂದು ನಿಮಗೆ ಯಾರು ಕಲಿಸಿದರು?

ಆ ಹೆಂಗಸು ನನ್ನ ತಂಗಿ ಕಿನಾಯಿ. ಆ ಮುದುಕ ನಮ್ಮ ದೊಡ್ಡಪ್ಪ ತೆವಾರೆಕಾ, ಕಿರಿಬಾಸ್ ರಾಷ್ಟ್ರದ ಈ ಹೊರದ್ವೀಪದಲ್ಲಿ ನಮ್ಮ ಕುಲಕ್ಕೆ ಹಿರಿಯ. ನಾನು ಓರೊಮಿತಾ, ಇಲ್ಲಿಯ ಶಾಲೆಯ ಉಪಾಧ್ಯಾಯಿನಿ.

ಕಿನಾಯಿಗೆ ಹದಿಹರೆಯದಲ್ಲೇ ಸಕ್ಕರೆ ಕಾಯಿಲೆ ಅಂಟಿತು, ಮಾತ್ರೆಗಳಿಗೆ ಬಗ್ಗದ ಬಗೆಯದು. ದಿನವೂ ಇನ್ಸುಲಿನ್ ಚುಚ್ಚಿಕೊಂಡರೆ ಮಾತ್ರ ಅವಳ ಬದುಕು. ಇನ್ಸುಲಿನ್ನಿಗೆ ತಂಪು ಬೇಕು. ನಮ್ಮ ದ್ವೀಪದಲ್ಲಿ ತಂಪು ಇದ್ದದ್ದು ಒಂದೇ ಕಡೆ, ಚಿಕಿತ್ಸಾಲಯದ ಸೀಮೆಎಣ್ಣೆ ಫ್ರಿಜ್ಜಿನೊಳಗೆ. ಹಡಗು ಸೀಮೆಎಣ್ಣೆ ತರುತ್ತಿತ್ತು, ನರ್ಸಮ್ಮ ಬತ್ತಿ ಕತ್ತರಿಸುತ್ತಿದ್ದಳು, ಕೋಣೆಯೆಲ್ಲ ಹೊಗೆ ನಾರುತ್ತಿತ್ತು, ನನ್ನ ತಂಗಿ ಬದುಕಿದ್ದಳು. ಲೋಕ ಕಾರುವ ಹೊಗೆಯಲ್ಲಿ ನಮ್ಮ ಪಾಲು ಆ ಬತ್ತಿ ಮತ್ತು ಕೆಮ್ಮುತ್ತ ಓಡುತ್ತಿದ್ದ ಒಂದು ಡೀಸೆಲ್ ಜನರೇಟರು, ಅಷ್ಟೇ. ಉಳಿದವರ ಹೊಗೆಗೆ ಉಬ್ಬಿದ ಕಡಲು ಮಾತ್ರ ನಾವು ಗೆಡ್ಡೆ ಬೆಳೆಯುವ ಗುಂಡಿಗಳಿಗೆ ಉಪ್ಪು ತುಂಬಿ, ಬಾವಿಗಳನ್ನು ಕೆಡಿಸಿ, ಗೋರಿಗಳ ಕಲ್ಲುಗಳನ್ನೂ ಕಿತ್ತುಕೊಂಡು ಹೋಗಿತ್ತು.

ಯೊರಿಸ್ ಎಂಬವನು ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲಿ. ಯುರೋಪಿನ ಒಂದು ನೆರವು ಸಂಸ್ಥೆಯ ಎಂಜಿನಿಯರು. ಅತಿಥಿಗೃಹ ಬೇಡವೆಂದು ನಮ್ಮ ಮನೆಯ ಚಾಪೆಯ ಮೇಲೆ ಮಲಗಿದ, ತೆಂಗಿನ ಕಳ್ಳು ಕುಡಿದ, ನಮ್ಮ ಭಾಷೆಯನ್ನು ಮಗುವಿನಂತೆ ತೊದಲಿ ತೊದಲಿ ಕಲಿತ. ಊರಿನ ಸಭಾಮಂದಿರವನ್ನು ನಾವು ಮನೆಯಾಬಾ ಎನ್ನುತ್ತೇವೆ. ಅಲ್ಲಿ ಒಂದೊಂದು ಕುಲಕ್ಕೂ ಅದರದೇ ಕಂಬ, ಅದರದೇ ಜಾಗ. ಕುಲವಿಲ್ಲದವನು ಅಂಚಿನಲ್ಲಿ ಕುಳಿತುಕೊಳ್ಳಬೇಕು. ಯೊರಿಸ್ ಮೊದಲ ದಿನ ಅಂಚಿನಲ್ಲಿಯೇ ಕುಳಿತ.

"ಏ ಬಿಳಿ ಹುಡುಗ, ಆ ಕಾಲು ಒಳಗೆ ಎಳ್ಕೊಳ್ಳೋ!" ಎಂದು ತಾಂಗಿನಾ ಅಜ್ಜಿ ಎದುರಿನಿಂದ ಕೂಗಿದಳು. "ಅಷ್ಟುದ್ದ ಚಾಚ್ಕೊಂಡ್ರೆ ಆಚೆ ದ್ವೀಪದೋರು ಎಡವಿ ಬೀಳ್ತಾರೆ."

"ಮಡಚಕ್ಕೆ ಬರಲ್ಲ ಅಜ್ಜಿ. ನಮ್ಮೂರಲ್ಲಿ ಮಕ್ಳು ಕುರ್ಚಿ ಮೇಲೇ ಹುಟ್ತಾವೆ."

ಮನೆಯಾಬಾ ನಕ್ಕು ಉರುಳಿತು. ದೊಡ್ಡಪ್ಪ ಕಣ್ಣೊರೆಸಿಕೊಂಡು ಎದ್ದು, ಅವನ ಕೈ ಹಿಡಿದು ತಂದು, ನಮ್ಮ ಕಂಬದ ಬುಡದಲ್ಲಿ ಹೊಸ ಚಾಪೆ ಹಾಸಿ ಕೂರಿಸಿದ. "ಇವನು ಇನ್ಮೇಲೆ ನನ್ನ ಮಗ. ಇವನಿಗೆ ಊಟ ಇಲ್ಲ ಅಂದ್ರೆ ನನಗೆ ಇಲ್ಲ ಅಂದ ಹಾಗೆ." ಅದು ಹೊಗಳಿಕೆಯ ಮಾತಲ್ಲ. ನಮ್ಮಲ್ಲಿ ಆ ಚಾಪೆ ಬಿದ್ದ ಮೇಲೆ ಅವನು ನಮ್ಮ ರಕ್ತ.

ಅಂದು ಸಂಜೆ ಮೀನು ಸುಡುತ್ತ ಕಿನಾಯಿ ಅವನಿಗೆ ಬುಬುಸಿಯನ್ನು ತಿಳಿಸಿಕೊಟ್ಟಳು. ನೆಂಟರು ಎದುರಿಗೆ ಕುಳಿತು ಆ ಒಂದು ಪದವನ್ನು ನುಡಿದು ಏನನ್ನಾದರೂ ಕೇಳಿದರೆ, ಕೇಳಿಸಿಕೊಂಡವರು ಇಲ್ಲ ಎನ್ನುವಂತಿಲ್ಲ.

"ಏನ್ ಕೇಳಿದ್ರೂ?" ಯೊರಿಸ್ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದ.

"ದೋಣಿ ಕೇಳಿದ್ರೆ ದೋಣಿ, ಹಂದಿ ಕೇಳಿದ್ರೆ ಹಂದಿ. ಅದಕ್ಕೇ ಅಲ್ವಾ ನಾನು ಹೊಸ ಲಂಗ ಉಟ್ಕೊಂಡು ಅತ್ತೆ ಮನೆ ಕಡೆ ತಲೆ ಹಾಕಲ್ಲ!"

"ಯಾರಾದ್ರೂ ಇಲ್ಲ ಅಂದ್ಬಿಟ್ರೆ?"

ಕಿನಾಯಿ ನನ್ನ ಮುಖ ನೋಡಿದಳು. "ಅಕ್ಕ, ಅಂದೋರು ಯಾರಾದ್ರೂ ಇದಾರಾ?"

ನನಗೆ ಒಬ್ಬರೂ ನೆನಪಾಗಲಿಲ್ಲ.

ಫಲಕಗಳು ಬಂದವು, ಬ್ಯಾಟರಿಗಳು ಬಂದವು, ಚಿಕಿತ್ಸಾಲಯಕ್ಕೆ ಬಿಳಿಯ ಹೊಸ ಫ್ರಿಜ್ಜು ಬಂತು. ಬ್ಯಾಟರಿಗಳ ಪೆಟ್ಟಿಗೆಗಳ ಮೇಲೆ ಕಿನಾಯಿ ನಮ್ಮ ಕುಲದ ಗುರುತಾದ ಕಡಲಹಕ್ಕಿಯನ್ನು ಬರೆದಳು, ಬಾಲ ಸೀಳಿದ, ರೆಕ್ಕೆ ಚಾಚಿದ ಕಪ್ಪು ಹಕ್ಕಿ. ಉದ್ಘಾಟನೆಗೆ ಹೊರದೇಶದ ಗಣ್ಯರು ಬಂದಾಗ ಅವಳೇ ಸ್ವಿಚ್ಚು ಒತ್ತಿದಳು. ನೀವು ನೋಡಿದ ಚಿತ್ರ ಅದು. ಆ ನಗು ನಟನೆಯಲ್ಲ. ಬತ್ತಿಯ ಹೊಗೆಯಿಲ್ಲದೆ, ಹಡಗಿನ ದಾರಿ ಕಾಯದೆ ಬದುಕಬಹುದೆಂದು ಅವಳು ಅಂದು ನಿಜವಾಗಿ ನಂಬಿದ್ದಳು.

ಗಣ್ಯರು ಹೋದ ಮೇಲೆ ಯೊರಿಸ್ ಇನ್ನೊಂದು ಮಾತು ಹೇಳಿದ. ಹಳೆಯ ಫ್ರಿಜ್ಜು, ಜನರೇಟರು ಎರಡನ್ನೂ ಹಡಗಿನಲ್ಲಿ ಸಾಗಹಾಕಬೇಕು.

"ಒಂದು ಮೂಲೇಲಿ ಬಿದ್ದಿರಲಿ ಬಿಡಪ್ಪಾ," ಎಂದಳು ನರ್ಸಮ್ಮ. "ಅನ್ನ ಕೇಳುತ್ತಾ, ನೀರು ಕೇಳುತ್ತಾ?"

"ಹಾಗಲ್ಲ ಸಿಸ್ಟರ್. ಹಳೇದು ಇಲ್ಲೇ ಇದ್ರೆ ದ್ವೀಪ ಪೂರ್ತಿ ಬದಲಾಯ್ತು ಅಂತ ನಾವು ಹೇಳಕ್ಕಾಗಲ್ಲ."

ಯಾರಿಗೆ ಹೇಳಬೇಕಾಗಿತ್ತು, ಏಕೆ ಹೇಳಬೇಕಾಗಿತ್ತು ಎಂಬುದನ್ನು ಅವನು ವಿವರಿಸಲಿಲ್ಲ. ಮಗ ಹೇಳಿದನೆಂದು ದೊಡ್ಡಪ್ಪ ಒಪ್ಪಿದ. ಬತ್ತಿಯ ಫ್ರಿಜ್ಜೂ ಜನರೇಟರೂ ಹಡಗು ಹತ್ತಿ ಹೋದವು.

ಕೆಲವು ತಿಂಗಳ ತರುವಾಯ ಯೊರಿಸ್ ಮತ್ತೆ ಬಂದ. ತಾಂಗಿನಾ ಅಜ್ಜಿಗೆ ಹೊಗೆಸೊಪ್ಪು ತಂದಿದ್ದ, ಕಿನಾಯಿಗೆ ಬಣ್ಣದ ದಾರ. ಮನೆಯಾಬಾಕ್ಕೆ ನಡೆದು ನಮ್ಮ ಕಂಬದ ಬುಡದಲ್ಲಿ ತನ್ನ ಚಾಪೆಯ ಮೇಲೆ ಕುಳಿತ. ಈ ಸಲ ಕಾಲು ಮಡಚಿಯೇ ಕುಳಿತ.

"ಅಪ್ಪಾ," ಎಂದ. "ಒಂದು ಬುಬುಸಿ ಇದೆ."

ಪರದೇಶಿಯ ಬಾಯಲ್ಲಿ ಆ ಪದ ಅಷ್ಟು ಸ್ಪಷ್ಟವಾಗಿ ಹೊರಟಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಕೇಳು ಮಗ."

"ಆ ಬ್ಯಾಟರಿಗಳು ಬೇಕು. ಪಕ್ಕದ ದ್ವೀಪದ್ದು ಉದ್ಘಾಟನೆ, ದೊಡ್ಡ ದೊಡ್ಡೋರು ಬರ್ತಿದಾರೆ. ಅವರ ಬ್ಯಾಟರಿ ಬಂದರಲ್ಲೇ ಸಿಕ್ಕಾಕೊಂಡಿದೆ. ಮುಂದಿನ ಹಡಗಿಗೇ ವಾಪಸ್ ಕಳಿಸ್ತೀನಿ."

ಸಭೆಯಲ್ಲಿ ಬೀಸಣಿಗೆಗಳು ನಿಂತವು. ನರ್ಸಮ್ಮ ಏನೋ ಹೇಳಲು ಬಾಯಿ ತೆರೆದಳು. ದೊಡ್ಡಪ್ಪ ಕಿನಾಯಿಯತ್ತ ನೋಡಿದ. ಆ ನೋಟದಲ್ಲಿ ಅಪ್ಪಣೆಯಿರಲಿಲ್ಲ, ಅನುಮತಿ ಬೇಡುವ ದೈನ್ಯವಿತ್ತು. ಅವಳು ನಕ್ಕಳು.

"ಕೊಡು ದೊಡ್ಡಪ್ಪ. ಅಣ್ಣ ಕೇಳ್ತಿದಾನೆ. ನರ್ಸಮ್ಮ, ಔಷಧಿ ಒದ್ದೆ ಬಟ್ಟೇಲಿ ಸುತ್ತಿ ಮಡಕೇಲಿ ಇಟ್ರೆ ಒಂದು ಹಡಗಿನ ತನಕ ತಡೆಯುತ್ತೆ, ಅಲ್ವಾ?"

"ತಡೆಯುತ್ತೆ," ಎಂದಳು ನರ್ಸಮ್ಮ, ನೆಲ ನೋಡುತ್ತ. "ಒಂದು ಹಡಗಿನ ತನಕ."

ಮುಂದಿನ ಹಡಗು ಬಂತು. ಅದರಲ್ಲಿ ಅಕ್ಕಿ ಇತ್ತು, ಸಕ್ಕರೆ ಇತ್ತು, ಹೊಸ ಪಾದ್ರಿ ಇದ್ದರು. ಬ್ಯಾಟರಿ ಇರಲಿಲ್ಲ. ಅದರ ಮುಂದಿನ ಹಡಗಿನಲ್ಲಿಯೂ ಇರಲಿಲ್ಲ. ನಮ್ಮ ಛಾವಣಿಯ ಫಲಕಗಳು ದಿನವಿಡೀ ಬಿಸಿಲು ಕುಡಿದವು. ಕುಡಿದದ್ದನ್ನು ಹಿಡಿದಿಡಲು ಹೊಟ್ಟೆಯೇ ಇರಲಿಲ್ಲ. ಬಿಳಿಯ ಫ್ರಿಜ್ಜಿನೊಳಗೆ ನರ್ಸಮ್ಮ ಬ್ಯಾಂಡೇಜು ಬಟ್ಟೆಗಳನ್ನು ಮಡಚಿಟ್ಟಳು. ರೇಡಿಯೋದಲ್ಲಿ ನಾನು ಕೂಗಿ ಕರೆದಾಗಲೆಲ್ಲ ಯೊರಿಸ್ ಪ್ರವಾಸದಲ್ಲಿದ್ದಾನೆ ಎಂಬ ಉತ್ತರ. ಮಡಕೆಯ ತಂಪಿಗೆ ಮಿತಿಯಿದೆ. ಔಷಧಿ ತನ್ನ ಗುಣ ಕಳೆದುಕೊಂಡಿತು. ಕಿನಾಯಿ ಬಾಯಾರಿ ಬಾಯಾರಿ ನೀರು ಕುಡಿದಳು. ಒಂದು ದಿನ ಕಡಲಂಚಿನ ಹವಳದ ಚೂರು ಅವಳ ಪಾದಕ್ಕೆ ತಗುಲಿತು. ಗಾಯ ಮಾಯಲಿಲ್ಲ.

ಆಗ ಪಕ್ಕದ ದ್ವೀಪದಿಂದ ನಮ್ಮ ಸೋದರಮಾವ ದೋಣಿಯಲ್ಲಿ ಬಂದ. ದೊಡ್ಡಪ್ಪ ಅವನನ್ನು ಮರಳಿನ ಮೇಲೇ ತಡೆದು ಕೇಳಿದ:

"ನಮ್ಮ ಬ್ಯಾಟರಿ ಯಾವಾಗ ಬಿಡ್ತೀರೋ? ನಮ್ಮ ಹುಡುಗಿ ಸಾಯ್ತಾ ಇದಾಳೆ."

"ಯಾವ ಬ್ಯಾಟರಿ ಭಾವ? ನಮ್ಮಲ್ಲೂ ಕತ್ತಲೇ. ಹಕ್ಕಿ ಬರೆದ ಪೆಟ್ಟಿಗೆ ತಾನೇ? ಗಣ್ಯರು ಬಂದ್ರು, ಫೋಟೋ ಆಯ್ತು. ಆಮೇಲೆ ಅವನು ಬಂದು ನಮ್ಮ ಮನೆಯಾಬಾದಲ್ಲಿ ಕೂತು ಬುಬುಸಿ ಅಂದ. ಅದರಾಚೆ ದ್ವೀಪದ ಉದ್ಘಾಟನೆಗೆ ಬೇಕಂತೆ."

"ನಿಮಗೇನು ಹುಚ್ಚೇ? ನಿಮಗೆ ಅವನು ಏನಾಗ್ಬೇಕು?"

ಮಾವ ತಬ್ಬಿಬ್ಬಾದ. "ನಿನ್ನ ಮಗ ಅಂದ್ನಲ್ಲ ಭಾವ! ನಿನ್ನ ಮಗ ನನಗೆ ಅಳಿಯ ಅಲ್ವಾ? ಹೇಗೆ ಇಲ್ಲ ಅನ್ನಲಿ?"

ಓದುಗರೇ, ಇದನ್ನು ಗಮನವಿಟ್ಟು ನೋಡಿ. ಕಳ್ಳನು ಬೀಗ ಒಡೆಯುತ್ತಾನೆ, ದರೋಡೆಕಾರನು ಕತ್ತಿ ಹಿರಿಯುತ್ತಾನೆ. ಇವನು ನಮ್ಮ ಬಳಿಯಿದ್ದ ಅತ್ಯಂತ ಒಳ್ಳೆಯ ವಸ್ತುವನ್ನು, ಒಬ್ಬರಿಗೊಬ್ಬರು ಇಲ್ಲ ಎನ್ನದ ನಮ್ಮ ಗುಣವನ್ನು, ಕೀಲಿಕೈಯಾಗಿ ಮಾಡಿಕೊಂಡು ದ್ವೀಪದಿಂದ ದ್ವೀಪಕ್ಕೆ ಬಾಗಿಲು ತೆರೆಯುತ್ತ ಹೋದ. ಪ್ರತಿ ದ್ವೀಪದಲ್ಲೂ ಒಂದು ಸ್ವಿಚ್ಚು, ಒಂದು ನಗು, ಒಂದು ಚಿತ್ರ. ಎಲ್ಲಕ್ಕೂ ಅದೇ ಬ್ಯಾಟರಿಗಳು.

ಕಿನಾಯಿಯನ್ನು ರಾಜಧಾನಿ ತರಾವಾದ ಆಸ್ಪತ್ರೆಗೆ ಸಾಗಿಸಿದೆವು. ಹೋಗುವ ಹೊತ್ತಿಗೆ ಪಾದ ಕಪ್ಪಾಗಿತ್ತು. ವೈದ್ಯರಿಗೆ ಅದನ್ನು ಉಳಿಸಲಾಗಲಿಲ್ಲ.

ಯೊರಿಸ್ ಆ ವಾರ ತರಾವಾದಲ್ಲಿಯೇ ಇದ್ದ. ಸಮುದ್ರದ ಕಡೆಗೆ ಕಿಟಕಿಗಳಿದ್ದ ಸಭಾಂಗಣವೊಂದರಲ್ಲಿ ಹವಾಮಾನದ ಕುರಿತು ಸಮಾವೇಶ. ದೊಡ್ಡಪ್ಪನನ್ನು ಕರೆದುಕೊಂಡು ನಾನು ಒಳಗೆ ಹೋದಾಗ ಅವನು ವೇದಿಕೆಯ ಮೇಲೆ ಮಾತನಾಡುತ್ತಿದ್ದ. ಪರದೆಯ ಮೇಲೆ ನನ್ನ ತಂಗಿ ನಗುತ್ತಿದ್ದಳು. ಸ್ಥಳೀಯ ಸಂಸ್ಕೃತಿಯನ್ನು ಗೌರವಿಸಿದರೆ ಸಮುದಾಯಗಳು ಹೇಗೆ ಮನಸಾರೆ ಸಹಕರಿಸುತ್ತವೆ ಎಂದು ಅವನು ವಿವರಿಸುತ್ತಿದ್ದ. ಚಪ್ಪಾಳೆ ಬಿತ್ತು.

ಅವನು ಕೆಳಗಿಳಿದು ಬರುತ್ತಲೇ ದೊಡ್ಡಪ್ಪ ಎದುರಿಗೆ ಹೋಗಿ, ಹೊಳೆಯುವ ಆ ನೆಲದ ಮೇಲೆ, ಬೂಟುಗಳ ನಡುವೆ, ಕಾಲು ಮಡಚಿ ಕುಳಿತ.

"ಮಗ, ಬುಬುಸಿ. ಬ್ಯಾಟರಿಗಳನ್ನ ವಾಪಸ್ ಕೊಡು. ನಿನ್ನ ತಂಗಿ ಊರಿಗೆ ಬರ್ಬೇಕು."

ಯೊರಿಸ್ ಸುತ್ತ ನೋಡಿದ. ಅವನ ಮುಖ ಕೆಂಪಾಯಿತು. ಮೊದಲ ಬಾರಿಗೆ ಅವನು ನಮ್ಮ ಭಾಷೆಯನ್ನು ಬಿಟ್ಟು ನನ್ನೊಡನೆ ಇಂಗ್ಲಿಷಿನಲ್ಲಿ ಮಾತನಾಡಿದ.

"ದಯವಿಟ್ಟು ಅವರನ್ನ ಎಬ್ಬಿಸಿ ಮೇಡಂ. ಅವು ಯೋಜನೆಯ ಆಸ್ತಿ, ನನ್ನ ಸ್ವಂತದ್ದಲ್ಲ. ನನಗೂ ಮೇಲಿನವರು ಇದಾರೆ. ಬುಬುಸಿ ನಿಮ್ಮ ಪದ್ಧತಿ, ತುಂಬ ಒಳ್ಳೇ ಪದ್ಧತಿ. ಆದ್ರೆ ಅದು ನಮ್ಮ ಕಚೇರೀಲಿ ನಡೆಯಲ್ಲ."

"ನಮ್ಮ ಮನೆಯಾಬಾದಲ್ಲಿ ನಿಮಗೆ ನಡೀತಲ್ಲ?" ಎಂದೆ. "ಅವಳ ಕಾಲು ಕತ್ತರಿಸಿದಾರೆ. ಅವಳು ಔಷಧಿಯನ್ನ ಮಡಕೇಲಿಟ್ಟು ನಿಮಗೆ ಬ್ಯಾಟರಿ ಕೊಟ್ಟಳು."

ಅವನು ಕಣ್ಣು ತಗ್ಗಿಸಿದ. "ನನಗೆ ತುಂಬಾ ಬೇಜಾರಾಗ್ತಿದೆ," ಎಂದ. ಯಾರೋ ಕರೆದರು. ಹೋದ.

ದೊಡ್ಡಪ್ಪ ನನ್ನ ತೋಳು ಹಿಡಿದು ಎದ್ದ. "ಏನಂದ ಅವನು?"

"ಇಲ್ಲ ಅಂದ, ದೊಡ್ಡಪ್ಪ."

ಅವನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಮರಳುವ ಹಡಗಿನಲ್ಲಿ ಅಂದ: "ಕೇಳುವಾಗ ನಮ್ಮೋನಾಗಿ ಕೇಳ್ದ. ಕೊಡುವಾಗ ಬೇರೆಯೋನಾಗ್ಬಿಟ್ಟ."

ಕಿನಾಯಿ ಹಿಂತಿರುಗಿಲ್ಲ. ಫ್ರಿಜ್ಜು ನಡೆಯದ ದ್ವೀಪಕ್ಕೆ ಹೋಗಕೂಡದೆಂದು ವೈದ್ಯರ ಕಟ್ಟಪ್ಪಣೆ. ತರಾವಾದ ಇಕ್ಕಟ್ಟಾದ ಓಣಿಯಲ್ಲಿ, ದೂರದ ನೆಂಟರ ಮನೆಯಲ್ಲಿ ಊರುಗೋಲು ಹಿಡಿದು ಕುಳಿತಿದ್ದಾಳೆ. ಮನೆಯಾಬಾದಲ್ಲಿ ಅವಳ ಜಾಗ ಬರಿದಾಗಿದೆ. ಅದರ ಪಕ್ಕದಲ್ಲಿ ಯೊರಿಸನ ಚಾಪೆ ಇನ್ನೂ ಹಾಸಿದೆ. ಅದನ್ನು ಸುಟ್ಟುಹಾಕೆಂದು ತಾಂಗಿನಾ ಅಜ್ಜಿ ಎಷ್ಟು ಬೈದರೂ ದೊಡ್ಡಪ್ಪ ಮುಟ್ಟಗೊಡುವುದಿಲ್ಲ.

"ಕೊಟ್ಟಿದ್ದನ್ನ ಕಿತ್ಕೊಳ್ಳಕ್ಕೆ ನಾನೇನು ಅವನಾ?"

ನನ್ನ ವಿದ್ಯಾರ್ಥಿಗಳಿಗೆ ನಾನು ಇಂದಿಗೂ ಬುಬುಸಿಯನ್ನು ಕಲಿಸುತ್ತೇನೆ. ಕೆಟ್ಟದ್ದು ಆ ಪದವಲ್ಲ, ಅದನ್ನು ಒಂದೇ ದಿಕ್ಕಿಗೆ ಬಳಸಿದ ಬಾಯಿ. ಬಿಸಿಲಿನ ಬೆಳಕನ್ನೂ ನಾನು ದೂರುವುದಿಲ್ಲ. ಅದು ನಮಗೆ ಬೇಕು, ಎಲ್ಲರಿಗಿಂತ ಮೊದಲು ಬೇಕು. ಆದರೆ ಅದು ಉರಿಯಬೇಕಾದದ್ದು ನಮ್ಮ ಚಿಕಿತ್ಸಾಲಯದಲ್ಲಿ, ನಿಮ್ಮ ಹೊಳಪು ಕಾಗದದ ಮೇಲಲ್ಲ.

ನೀವು ಇಲ್ಲಿಯವರೆಗೆ ಓದಿದ್ದೀರಿ. ನಮ್ಮ ನಡುವೆ ಕುಳಿತು ಮಾತನ್ನು ಕೊನೆಯವರೆಗೂ ಆಲಿಸಿದವರನ್ನು ನಾವು ಹೊರಗಿನವರೆನ್ನುವುದಿಲ್ಲ. ಆದುದರಿಂದ ನಿಮ್ಮೆದುರು ಕಾಲು ಮಡಚಿ ಕುಳಿತು ಕೇಳುತ್ತಿದ್ದೇನೆ, ಇದು ನನ್ನ ಬುಬುಸಿ. ಹಣ ಬೇಡ, ಹಳೆಯ ಬಟ್ಟೆ ಬೇಡ, ಕನಿಕರವೂ ಬೇಡ. ಹೂವಿನ ಕಿರೀಟ ತೊಟ್ಟ ಆ ಹೆಂಗಸಿನ ಚಿತ್ರ, ಅಥವಾ ಅಂಥದೇ ಇನ್ನೊಬ್ಬಳ ಚಿತ್ರ, ಮತ್ತೆ ನಿಮ್ಮ ಕೈಗೆ ಬಂದಾಗ ಪುಟ ತಿರುಗಿಸಬೇಡಿ. ಅದನ್ನು ಅಚ್ಚುಹಾಕಿದವರಿಗೆ ಬರೆಯಿರಿ. ಹಕ್ಕಿಯ ಗುರುತಿನ ಆ ಬ್ಯಾಟರಿಗಳು ಈಗ ಎಲ್ಲಿವೆ ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.